ಬೆಳಗಾವಿಯಲ್ಲಿ ಕಾಲೇಜಿನ ಮೊದಲ ತಿಂಗಳು: ರೂಮು, ಖಾನಾವಳಿ, ಬಸ್ ಪಾಸು, ಸ್ಕಾಲರ್‌ಶಿಪ್ಪು – ಒಂದು ವಿಮರ್ಶೆ

ಪಿಯುಸಿ ಮುಗಿಸಿ ಅಥಣಿ, ರಾಯಬಾಗ, ರಾಮದುರ್ಗ, ಮುಧೋಳ, ಜಮಖಂಡಿ ಕಡೆಯಿಂದ ಬೆಳಗಾವಿಗೆ ಬರುವ ಮಕ್ಕಳಿಗೆ ಯಾವ ಕೋರ್ಸು, ಯಾವ ಬ್ರಾಂಚು ಎಂದು ಹೇಳುವವರು ಮನೆಗೊಬ್ಬರು ಸಿಗುತ್ತಾರೆ. ರೂಮು ಹೇಗೆ ನೋಡಬೇಕು, ಮೆಸ್ಸಿಗೆ ಯಾವಾಗ ದುಡ್ಡು ಕಟ್ಟಬೇಕು, ಸ್ಕಾಲರ್‌ಶಿಪ್ಪು ಯಾಕೆ ಬಾರದೆ ನಿಲ್ಲುತ್ತದೆ ಎಂದು ಹೇಳುವವರು ಕಡಿಮೆ. ಮೊದಲ ಸೆಮಿಸ್ಟರ್ ಹದಗೆಡುವುದು ಬಹಳ ಸಲ ಇಲ್ಲಿಂದಲೇ. ಹೊಟ್ಟೆ ಕೆಟ್ಟು ಒಂದಿಷ್ಟು ದಿನ, ರೂಮು ಬದಲಿಸುವುದರಲ್ಲಿ ಇನ್ನೊಂದಿಷ್ಟು, ದಾಖಲೆಗಾಗಿ ಊರಿಗೆ ಓಡಾಡುವುದರಲ್ಲಿ ಮತ್ತಷ್ಟು ದಿನ ಹೋಗಿಬಿಡುತ್ತವೆ. ಹದಿನೆಂಟು ವಯಸ್ಸಿನ ನಮ್ಮನ್ನೇ ಎದುರಿಗೆ ಕೂರಿಸಿಕೊಂಡು ಹೇಳುವುದಾದರೆ ಏನು ಹೇಳುತ್ತೇವೋ ಅದನ್ನೇ, ಒಂದೊಂದು ಸೇವೆಯನ್ನೂ ತೂಗಿ ನೋಡಿ ಇಲ್ಲಿ ಬರೆದಿದ್ದೇವೆ. ಪಿಜಿ, ಖಾನಾವಳಿಗಳ ಹೆಸರು ಹಾಕಿಲ್ಲ. ಮಾಲಕರು, ಅಡುಗೆಯವರು ಬದಲಾಗುತ್ತಲೇ ಇರುತ್ತಾರೆ. ಪರೀಕ್ಷೆ ಮಾಡಿ ನೋಡುವ ಕ್ರಮ ಮಾತ್ರ ಎಲ್ಲ ಕಡೆ ನಡೆಯುತ್ತದೆ. ಎಲ್ಲದಕ್ಕೂ ಹೊಂದುವ ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇವೆ: ಡಿಪಾಜಿಟ್ ಬಿಟ್ಟರೆ, ಮೊದಲ ಸಲ ಯಾರಿಗೂ ಒಂದು ತಿಂಗಳಿಗಿಂತ ಹೆಚ್ಚಿನ ದುಡ್ಡು ಮುಂಗಡ ಕೊಡಬೇಡ.

ಸರಕಾರಿ ಹಾಸ್ಟೆಲ್ಲಿನಿಂದ ಶುರು ಮಾಡೋಣ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್ಲುಗಳಲ್ಲಿ ಊಟ, ವಸತಿ ಎರಡೂ ಉಚಿತ. ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್ ಮೂಲಕ. ನಮ್ಮ ಅಂಕ ಐದಕ್ಕೆ ನಾಲ್ಕು. ಒಂದು ಅಂಕ ಕಡಿಮೆಯಾಗಿದ್ದು ಆಯ್ಕೆ ಪಟ್ಟಿಯ ತಡಕ್ಕೆ. ಪಟ್ಟಿ ಬರುವ ಮೊದಲೇ ಕ್ಲಾಸು ಶುರುವಾಗಿಬಿಡುವುದುಂಟು. ಹಾಗಂತ ಅರ್ಜಿಯನ್ನೇ ಹಾಕದೆ ಬಿಡಬೇಡ. ಅರ್ಜಿ ಹಾಕು, ನಡುವಿನ ದಿನಗಳಿಗೆ ತಿಂಗಳ ಲೆಕ್ಕದ ರೂಮು ಹಿಡಿ. ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿ ಡಿಪಾಜಿಟ್ ಕೊಟ್ಟ ಮೇಲೆ ಹಾಸ್ಟೆಲ್ ಸೀಟು ಬಂದರೆ ಆ ಡಿಪಾಜಿಟ್ ಹಿಂದಕ್ಕೆ ಬರುವುದು ಕಷ್ಟ.

ಈಗ ರೂಮು. ಬೆಳಗಾವಿಯಲ್ಲಿ ರೂಮು ನೋಡುವವರು ಮೊದಲು ನೋಡಬೇಕಾದ್ದು ಮಳೆಯನ್ನು. ಬಯಲುಸೀಮೆಯಿಂದ ಬಂದವರಿಗೆ ಇದು ತಲೆಗೆ ಹೊಳೆಯುವುದಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯದ ಮಳೆ, ಜುಲೈದಲ್ಲಿ ಅತಿ ಜೋರು. ಗಾಳಿ ಬೀಸುವುದು ಪಶ್ಚಿಮದಿಂದ, ಆದ್ದರಿಂದ ಮೊದಲು ನೆನೆಯುವುದು ಪಶ್ಚಿಮ ಮತ್ತು ನೈಋತ್ಯ ದಿಕ್ಕಿನ ಗೋಡೆ. ಮಂಚವನ್ನು ಆ ಗೋಡೆಗೆ ತಾಗಿಸಿ ಹಾಕಿದ್ದರೆ ಹಾಸಿಗೆ, ಪುಸ್ತಕದ ಕಪಾಟು ಎರಡಕ್ಕೂ ಬೂಸು ಹಿಡಿಯುತ್ತದೆ. ರೂಮಿಗೆ ಹೋದಾಗ ಕಿಟಕಿಯ ಕೆಳಗಿನ ಭಾಗ, ಛಾವಣಿಯ ಮೂಲೆ, ಬಾತ್‌ರೂಮಿಗೆ ಹೊಂದಿದ ಗೋಡೆ ಈ ಮೂರನ್ನು ಕೈಯಿಂದ ಮುಟ್ಟಿ ನೋಡು. ಬಿಳಿ ಪುಡಿ ಕೈಗೆ ಹತ್ತಿದರೆ ಅದು ಗೋಡೆಯೊಳಗಿನ ನೀರು ತಂದ ಉಪ್ಪು. ಬೆರಳ ಗೆಣ್ಣಿನಿಂದ ಬಡಿದರೆ ಟೊಳ್ಳು ಸಪ್ಪಳ ಬಂದರೆ ಪ್ಲಾಸ್ಟರ್ ಬಿಟ್ಟುಕೊಂಡಿದೆ. ಇಡೀ ಗೋಡೆ ಹಳೆಯದಾಗಿದ್ದು ಒಂದೇ ಮೂಲೆಗೆ ಹೊಸ ಬಣ್ಣ ಬಳಿದಿದ್ದರೆ, ಹೋದ ವರ್ಷದ ಸೋರಿಕೆ ಅಲ್ಲೇ ಆಗಿದ್ದು ಎಂದು ತಿಳಿ. ಬಣ್ಣ ಸೋರಿಕೆಯನ್ನು ನಿಲ್ಲಿಸುವುದಿಲ್ಲ.

ಬಟ್ಟೆ ಒಣಗಿಸಲು ಜಾಗ ಎಲ್ಲಿ ಎಂದು ಕೇಳು. ಮಾಳಿಗೆ ಮೇಲೆ ತಗಡಿನ ನೆರಳು ಇದ್ದರೆ ಒಳ್ಳೆಯದು. ರೂಮಿನೊಳಗೇ ಹಗ್ಗ ಕಟ್ಟಬೇಕು ಎಂದರೆ ಆ ರೂಮಿಗೆ ಎದುರುಬದುರು ಎರಡು ಕಿಟಕಿ ಬೇಕು. ಒಂದೇ ಕಿಟಕಿಯ ರೂಮಿನಲ್ಲಿ ಮೂವರ ಒದ್ದೆ ಬಟ್ಟೆ ತೂಗುಹಾಕಿದರೆ ಆ ತೇವ ಹೊರಗೆ ಹೋಗುವುದಿಲ್ಲ, ಗೋಡೆಗೇ ಕೂರುತ್ತದೆ. ಜೀನ್ಸ್ ಕಡಿಮೆ ತಾ, ಬೇಗ ಒಣಗುವ ತೆಳು ಪ್ಯಾಂಟು ಹೆಚ್ಚು ತಾ.

ನೀರಿನ ಪ್ರಶ್ನೆ ಮಳೆಗಾಲದಲ್ಲಿ ಯಾರಿಗೂ ನೆನಪಾಗುವುದಿಲ್ಲ, ಆದರೆ ಎರಡನೇ ಸೆಮಿಸ್ಟರಿನ ಪರೀಕ್ಷೆ ಬೇಸಿಗೆಗೆ ಬಂದರೆ ಅದೇ ದೊಡ್ಡದಾಗುತ್ತದೆ. ಊರಿಗೆ ನೀರು ಬರುವುದು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. 2008ರಿಂದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರಿನ ವ್ಯವಸ್ಥೆ ಬಂದಿದೆ, ಬೇರೆ ಕಡೆ ಕೆಲವು ದಿನಕ್ಕೊಮ್ಮೆ ಬರುವ ಲೆಕ್ಕ. ಆದ್ದರಿಂದ "ನೀರು ಐತೇನ್ರೀ" ಎಂದು ಕೇಳಿದರೆ ಸಾಲದು, "ಐತಿ" ಎಂದೇ ಉತ್ತರ ಬರುತ್ತದೆ. ಎಷ್ಟು ದಿನಕ್ಕೊಮ್ಮೆ ನಳ ಬರುತ್ತದೆ, ಟಾಕಿ ಎಷ್ಟು ಲೀಟರಿನದು, ಎಷ್ಟು ಜನ ಇದ್ದಾರೆ ಎಂದು ಕೇಳಿ ಗುಣಿಸು. ಸ್ನಾನ, ಬಟ್ಟೆ, ಪಾಯಖಾನೆ ಸೇರಿ ಒಬ್ಬರಿಗೆ ದಿನಕ್ಕೆ 80 ಲೀಟರ್ ಎಂದು ಬಿಗಿಯಾಗಿ ಹಿಡಿದರೂ, 12 ಜನಕ್ಕೆ ನಾಲ್ಕು ದಿನಕ್ಕೆ 3,840 ಲೀಟರ್ ಬೇಕು. ಮಾಳಿಗೆ ಮೇಲೆ ಸಾವಿರ ಲೀಟರಿನ ಒಂದೇ ಸಿಂಟೆಕ್ಸ್ ಇದ್ದು, ನೆಲದೊಳಗೆ ಟಾಕಿಯೂ ಇಲ್ಲ, ಬೋರೂ ಇಲ್ಲ ಎಂದರೆ ಆ ಪಿಜಿ ಬೇಡ.

ಕರೆಂಟ್ ಬಿಲ್ಲು ಬಾಡಿಗೆಯಲ್ಲಿ ಸೇರಿದೆಯೋ, ಬೇರೆಯೋ? ಬೇರೆ ಎಂದರೆ ಸಬ್ ಮೀಟರ್ ಇರಬೇಕು, ಒಳಗೆ ಸೇರುವ ದಿನವೇ ಅದರ ರೀಡಿಂಗ್ ಫೋಟೋ ತೆಗೆದು ಮಾಲಕರಿಗೂ ಕಳಿಸಬೇಕು. ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ನಾಲ್ವರು ತಲಾ ಹದಿನೈದು ನಿಮಿಷ ಬಳಸಿದರೆ ದಿನಕ್ಕೆ ಎರಡು, ತಿಂಗಳಿಗೆ 60 ಯೂನಿಟ್. ಜಗಳ ಹುಟ್ಟುವುದು ಇಲ್ಲೇ, ಆದ್ದರಿಂದ ಲೆಕ್ಕ ಮೊದಲೇ ಮಾತಾಡಿಕೊಳ್ಳಿ. ಡಿಪಾಜಿಟ್ ಕೊಡುವಾಗ ಫೋನ್ ಪೇದಂಥ ಆ್ಯಪಿನಿಂದಲೇ ಕೊಟ್ಟು, ಟಿಪ್ಪಣಿಯ ಜಾಗದಲ್ಲಿ "ರೂಮಿನ ಡಿಪಾಜಿಟ್" ಎಂದು ತಿಂಗಳ ಸಮೇತ ಬರೆ. ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಬಣ್ಣಕ್ಕೆಂದು ಎಷ್ಟು ಮುರಿಯುತ್ತಾರೆ, ಇವೆರಡು ಬಾಯಿಮಾತಾಗಿ ಉಳಿಯದೆ ಚೀಟಿಯಲ್ಲಿ ಇರಬೇಕು.

ದೂರದ ವಿಚಾರ: ಕಡಿಮೆ ಬಾಡಿಗೆಯ ಆಸೆಗೆ ಕಾಲೇಜಿನಿಂದ ಊರಿನ ಇನ್ನೊಂದು ತುದಿಯಲ್ಲಿ ರೂಮು ಹಿಡಿಯಬೇಡ. ಉದ್ಯಮಬಾಗದ ಕಾಲೇಜಿಗೆ ತಿಳಕವಾಡಿ, ಅನಗೋಳ ಹತ್ತಿರ. ಸದಾಶಿವನಗರ, ನೆಹರು ನಗರ ಎಂದರೆ ಊರು ದಾಟಿ ಬರಬೇಕು. ಮಚ್ಛೆಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಆವರಣ, ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಎರಡೂ ಊರ ಹೊರಗೆ, ಅದೂ ಬೇರೆ ಬೇರೆ ದಿಕ್ಕಿಗೆ. ವಿಟಿಯು ನಿಯಮದಂತೆ ಪ್ರತಿ ವಿಷಯಕ್ಕೂ ಶೇ. 85 ಹಾಜರಿ ಬೇಕು. 40 ಕ್ಲಾಸಿನ ವಿಷಯದಲ್ಲಿ ಆರು ಕ್ಲಾಸು ಮಾತ್ರ ತಪ್ಪಿಸಬಹುದು ಎಂದಾಯಿತು. ಮಳೆಯಲ್ಲಿ ಬಸ್ಸು ತಪ್ಪಿ ಬೆಳಗಿನ ಮೊದಲ ಪೀರಿಯಡ್ಡು ಹೋಗುತ್ತಾ ಬಂದರೆ, ಯಾವಾಗಲೂ ಆ ಹೊತ್ತಿಗೇ ಬರುವ ಒಂದು ವಿಷಯ ನೇರವಾಗಿ ಪೆಟ್ಟು ತಿನ್ನುತ್ತದೆ.

ಇನ್ನು ಊಟ. ನಮ್ಮ ಭಾಗದ ಖಾನಾವಳಿ ವ್ಯವಸ್ಥೆಗೆ ನಾವು ಮನಸಾರೆ ಹೆಚ್ಚು ಅಂಕ ಕೊಡುತ್ತೇವೆ. ಪಿಜಿಯವರೇ ಕೊಡುವ ಊಟಕ್ಕಿಂತ ಹೊರಗಿನ ತಿಂಗಳ ಖಾನಾವಳಿ ಬಹುತೇಕ ಮೇಲು. ಕಾರಣ ಸರಳ: ಖಾನಾವಳಿಗೆ ದಿನದ ಗಿರಾಕಿಗಳೂ ಬರುತ್ತಾರೆ, ರುಚಿ ಕೆಟ್ಟರೆ ಅವರು ಮರುದಿನವೇ ಬರುವುದಿಲ್ಲ. ಪಿಜಿಯ ಊಟ ಬಾಡಿಗೆಯೊಳಗೇ ಸೇರಿರುವುದರಿಂದ ಉಂಡರೂ ಬಿಟ್ಟರೂ ದುಡ್ಡು ಅವರ ಕೈಯಲ್ಲಿದೆ. ಸಾಧ್ಯವಿದ್ದರೆ ಊಟವಿಲ್ಲದ ರೂಮು ಹಿಡಿದು ಊಟ ಬೇರೆ ಮಾಡಿಕೋ.

ಆದರೆ ಖಾನಾವಳಿಯನ್ನು ಭಾನುವಾರ ಮಧ್ಯಾಹ್ನ ಉಂಡು ಅಳೆಯಬೇಡ. ಅಂದು ಸಿಹಿ ಇರುತ್ತದೆ, ಎರಡು ಪಲ್ಯ ಇರುತ್ತದೆ, ಎಲ್ಲ ಖಾನಾವಳಿಗಳೂ ಚೆನ್ನಾಗಿಯೇ ಕಾಣುತ್ತವೆ. ಮಂಗಳವಾರವೋ ಬುಧವಾರವೋ ರಾತ್ರಿ ಒಂಬತ್ತರ ಮೇಲೆ, ಬಿಡಿ ಊಟದ ದುಡ್ಡು ಕೊಟ್ಟು ಉಣ್ಣು. ಕೊನೆಯ ಪಂಕ್ತಿಯ ಊಟ ಸರಿಯಾಗಿದ್ದರೆ ಅಲ್ಲಿ ತಿಂಗಳು ಕಟ್ಟಬಹುದು. ರೊಟ್ಟಿ ಬಿದಿರಿನ ಬುಟ್ಟಿಯಲ್ಲಿ ಬಟ್ಟೆ ಹಾಸಿ ಮುಚ್ಚಿಟ್ಟಿದ್ದಾರೋ, ಪ್ಲಾಸ್ಟಿಕ್ ಚೀಲದಲ್ಲೋ ನೋಡು. ಬಿಸಿ ಜೋಳದ ರೊಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಳಗೆ ಬೆವೆತು ಅಂಟಂಟಾಗುತ್ತದೆ, ಹೊತ್ತು ಕಳೆದರೆ ಹುಳಿ ವಾಸನೆ ಹಿಡಿಯುತ್ತದೆ. ರೊಟ್ಟಿ ಮಡಿಚಿದಾಗ ಕಿರುಬಿರುಕು ಬಿಟ್ಟರೂ ಪುಡಿಯಾಗದೆ ನಿಲ್ಲಬೇಕು. ಬೇಗನೆ ಪುಡಿಯಾದರೆ ಹಿಟ್ಟು ಹಳೆಯದು, ಬಿಸಿನೀರಿನಲ್ಲಿ ಸರಿಯಾಗಿ ನಾದಿಲ್ಲ. ಖಡಕ್ ರೊಟ್ಟಿಯ ಮಾತು ಬೇರೆ, ಅದು ಮುರಿಯಲೆಂದೇ ಮಾಡಿದ್ದು.

ಬೇಳೆ ಸಾರಿನಲ್ಲಿ ಸೋಡಾ ಹಾಕಿದ್ದಾರೆಯೇ ಎಂಬುದು ಮುಖ್ಯ. ಗ್ಯಾಸು ಉಳಿಸಲು ಬೇಳೆ ಬೇಗ ಬೇಯಲೆಂದು ಹಾಕುತ್ತಾರೆ. ಬೇಳೆ ತೀರಾ ಕರಗಿ, ಬಣ್ಣ ಮಂಕಾಗಿ, ನಾಲಿಗೆಗೆ ಜಾರಿದಂತಾಗಿ, ಉಂಡ ಅರ್ಧ ಗಂಟೆಗೆ ಹೊಟ್ಟೆ ಉಬ್ಬಿದರೆ ಅದೇ ಇರಬಹುದು. ಪಲ್ಯದ ಬಟ್ಟಲು ಆರಿದ ಮೇಲೆ ಅಂಚಿಗೆ ಬಿಳಿ ಪದರ ಗಟ್ಟಿಯಾದರೆ ವನಸ್ಪತಿ ಅಥವಾ ತಾಳೆ ಎಣ್ಣೆ ಜಾಸ್ತಿ. ವಾರದಲ್ಲಿ ಎಷ್ಟು ದಿನ ಆಲೂಗಡ್ಡೆ ಎಂದು ಹಳೆ ಗಿರಾಕಿಗಳನ್ನು ಕೇಳು. ಹೆಸರು, ಮಡಿಕೆ, ಅಲಸಂದಿಯ ಮೊಳಕೆ ಕಾಳು ವಾರಕ್ಕೆ ಮೂರು ಸಲ, ಮೆಂತ್ಯ, ರಾಜಗಿರಿ, ಪುಂಡಿಯಂಥ ಸೊಪ್ಪು ಎರಡು ಸಲ, ಒಂದು ದಿನ ಜುಣಕ ಅಥವಾ ಎಣ್ಣೆಗಾಯಿ, ದಿನವೂ ಶೇಂಗಾ ಹಿಂಡಿಯೋ ಅಗಸಿ ಹಿಂಡಿಯೋ ಒಂದು ಚಮಚ ಮತ್ತು ಒಂದು ಲೋಟ ಮಜ್ಜಿಗೆ ಇದ್ದರೆ ಓದುವ ವಯಸ್ಸಿನವರಿಗೆ ಅದಕ್ಕಿಂತ ಒಳ್ಳೆಯ ಊಟ ಬೇಕಿಲ್ಲ. ಬಡಿಸುವವರೊಂದಿಗೆ ಮಾತು ಸರಿಯಾಗಿರಲಿ. "ಅಕ್ಕಾರ, ಇನ್ನೊಂದ ರೊಟ್ಟಿ ಹಾಕ್ರಿ" ಎಂದು ಬಾಯಿ ಬಿಟ್ಟು ಕೇಳಬೇಕು. ನಾಚಿಕೆಯಿಂದ ಅರ್ಧ ಹೊಟ್ಟೆಯಲ್ಲಿ ಎದ್ದುಬಂದು ರಾತ್ರಿ ಹನ್ನೊಂದಕ್ಕೆ ಚಿಪ್ಸ್ ತಿನ್ನುವ ಚಟ ಮೊದಲ ವರ್ಷದವರಿಗೆ ಬೇಗ ಅಂಟುತ್ತದೆ. ಅಡುಗೆ ಮಾಡುವವರು ಮರಾಠಿ ಮಾತಾಡುವವರಾದರೆ "ಕಾಕೂ" ಎಂದು ಕರೆ, ಮನೆಯವರಂತೆ ನೋಡಿಕೊಳ್ಳುತ್ತಾರೆ.

ಕುಡಿಯುವ ನೀರನ್ನೂ ಬಿಡದೆ ನೋಡು. ಹೊಸ ಊರಲ್ಲಿ ಹೊಟ್ಟೆ ಕೆಡಲು ಊಟಕ್ಕಿಂತ ನೀರು ಹೆಚ್ಚು ಕಾರಣ, ಅದರಲ್ಲೂ ಮಳೆ ಶುರುವಾದ ಮೊದಲ ವಾರಗಳಲ್ಲಿ. ಫಿಲ್ಟರ್ ಇದ್ದರೆ ಸಾಲದು, ಅದರ ಕ್ಯಾಂಡಲ್ ಅಥವಾ ಕಾರ್ಟ್ರಿಜ್ ಕೊನೆಯ ಬಾರಿ ಬದಲಿಸಿದ ತಾರೀಕಿನ ಚೀಟಿ ಮೇಲೆ ಅಂಟಿಸಿರಬೇಕು. ಸಂಶಯವಿದ್ದರೆ ರೂಮಿನಿಂದಲೇ ಬಾಟಲಿ ಒಯ್ಯಿ.

ಲೆಕ್ಕ ಹೀಗೆ ಹಾಕು. ತಿಂಗಳಿಗೆ ಎರಡು ಹೊತ್ತಿನಂತೆ 60 ಊಟ. ಭಾನುವಾರ ರಾತ್ರಿ ಬಂದ್ ಇದ್ದರೆ ನಾಲ್ಕು ಹೋಯಿತು. ಎರಡು ಸಲ ಊರಿಗೆ ಹೋಗಿಬಂದರೆ ಇನ್ನೂ ಎಂಟು. ಉಳಿದದ್ದು 48. ತಿಂಗಳಿಗೆ 3,000 ರೂಪಾಯಿ ಕೇಳಿದರು ಎಂದುಕೊಂಡರೆ, ಊಟಕ್ಕೆ 50 ರೂಪಾಯಿ ಎಂದು ಕಂಡದ್ದು ನಿಜದಲ್ಲಿ 62 ರೂಪಾಯಿ 50 ಪೈಸೆ. ಹಾಗಾಗಿ ಕೂಪನ್ ಪುಸ್ತಕ ಕೊಡುವ ಖಾನಾವಳಿ ಸಿಕ್ಕರೆ ಅದನ್ನೇ ಆರಿಸಿಕೋ, ಉಂಡದ್ದಕ್ಕೆ ಮಾತ್ರ ದುಡ್ಡು. ಕೂಪನ್ ಇಲ್ಲದಿದ್ದರೆ ಎಷ್ಟು ದಿನದ ರಜೆಗೆ ಎಷ್ಟು ಕಡಿತ ಎಂದು ಕಟ್ಟುವ ಮೊದಲೇ ಕೇಳು. ಮೊದಲೇ ಹೇಳಿ ಹೋದರೆ ಕಡಿತ ಕೊಡುವವರು ಹಲವರಿದ್ದಾರೆ, ದೀಪಾವಳಿ ಮುಗಿಸಿ ಬಂದು ಕೇಳಿದರೆ ಕೊಡುವುದಿಲ್ಲ.

ಡಬ್ಬಿ ತರಿಸಿಕೊಳ್ಳುವುದು ನಮ್ಮ ಎರಡನೇ ಆಯ್ಕೆ. ರಾತ್ರಿಯ ಡಬ್ಬಿ ಸಂಜೆ ಐದಕ್ಕೇ ಬಂದು, ಲ್ಯಾಬು, ಲೈಬ್ರರಿ ಮುಗಿಸಿ ಒಂಬತ್ತೂವರೆಗೆ ಉಂಡರೆ ಸಾರು ಹುಳಿಯಾಗಿರುತ್ತದೆ. ಬಿಸಿ ಸಾರಿನ ಹಬೆಗೆ ಮೇಲಿನ ಡಬ್ಬಿಯ ರೊಟ್ಟಿಯೂ ಮೆತ್ತಗಾಗಿರುತ್ತದೆ. ಡಬ್ಬಿಯೇ ಬೇಕೆಂದರೆ ಏಳರ ಮೇಲೆ ಕೊಡುವವರನ್ನು ಹುಡುಕು, ರೊಟ್ಟಿಯನ್ನು ಬೇರೆಯಾಗಿ ಬಟ್ಟೆಯಲ್ಲಿ ಕಟ್ಟಿಕೊಡಲು ಹೇಳು. ಹುಡುಗಿಯರ ಪಿಜಿಗಳಲ್ಲಿ ರಾತ್ರಿ ಬೇಗ ಗೇಟು ಹಾಕುವುದರಿಂದ ಡಬ್ಬಿ ಬಿಟ್ಟು ಗತಿಯಿಲ್ಲದ ಕಡೆಗಳಿವೆ. ಅಲ್ಲಿ ಮಧ್ಯಾಹ್ನದ ಊಟ ಖಾನಾವಳಿಯಲ್ಲಿ, ರಾತ್ರಿಯದು ಮಾತ್ರ ಡಬ್ಬಿ ಎಂದು ಮಾಡಿಕೊಂಡರೆ ಒಳ್ಳೆಯದು.

ಬಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಯವ್ಯ ಕರ್ನಾಟಕ ಸಾರಿಗೆಯ ವಿದ್ಯಾರ್ಥಿ ಪಾಸು ಈ ಎಲ್ಲ ಸೇವೆಗಳಲ್ಲಿ ದುಡ್ಡಿಗೆ ಅತಿ ಹೆಚ್ಚು ಕೊಡುವಂಥದ್ದು. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಪಾಸಿನಲ್ಲಿ ಬರೆದ ಮಾರ್ಗಕ್ಕೆ ಮಾತ್ರ ಅದು ನಡೆಯುತ್ತದೆ, ಆದ್ದರಿಂದ ರೂಮು ಗಟ್ಟಿಯಾದ ಮೇಲೆಯೇ ಅರ್ಜಿ ಹಾಕು. ದೂರದ ಮಿತಿ 60 ಕಿ.ಮೀ. ಖಾನಾಪುರ, ಬೈಲಹೊಂಗಲದವರು ಮನೆಯಿಂದಲೇ ಓಡಾಡಬಹುದು, ಅಥಣಿ, ರಾಮದುರ್ಗದವರಿಗೆ ಆಗುವುದಿಲ್ಲ. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಿದೆ, ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸಿಗೆ ದುಡ್ಡಿಲ್ಲ. ಗಡಿ ಊರಾದ್ದರಿಂದ ಒಂದು ಎಚ್ಚರ: ಕೊಲ್ಹಾಪುರದ ಕಡೆ ಹೋಗುವ ಅಂತರರಾಜ್ಯ ಬಸ್ಸಿಗೆ, ನಮ್ಮ ನಿಲ್ದಾಣಕ್ಕೇ ಬರುವ ಮಹಾರಾಷ್ಟ್ರದ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ. ಬಾಗಿಲ ಮೇಲಿನ ಬೋರ್ಡು ನೋಡಿ ಹತ್ತಬೇಕು.

ಪುಸ್ತಕ ಮೊದಲ ವಾರವೇ ಕೊಳ್ಳಬೇಡ. ಎಂಜಿನಿಯರಿಂಗಿನವರು ಸೀನಿಯರುಗಳ ಹಳೆ ಪುಸ್ತಕ ಕೊಳ್ಳುವಾಗ ರಟ್ಟಿನ ಮೇಲೆ ಯಾವ ಸ್ಕೀಮ್ (ಯಾವ ವರ್ಷದ ಪಠ್ಯಕ್ರಮ) ಎಂದಿದೆ ನೋಡಬೇಕು. ವಿಟಿಯುದ 2022ರ ಸ್ಕೀಮ್‌ನಲ್ಲಿ ಮೊದಲ ಸೆಮಿಸ್ಟರಿನ ಗಣಿತವೇ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಗುಂಪುಗಳಿಗೆ ಬೇರೆ ಬೇರೆ ಇತ್ತು. ಹೆಸರು ಒಂದೇ ಥರ ಕಾಣುತ್ತದೆ, ವಿಷಯದ ಕೋಡಿನ ಒಂದು ಅಕ್ಷರ ಬದಲಿರುತ್ತದೆ, ಒಳಗಿನ ಮಾಡ್ಯೂಲ್ ಬೇರೆ. ಕೋಡನ್ನು ಅಕ್ಷರ ಅಕ್ಷರ ಹೋಲಿಸಿ ಕೊಂಡುಕೊ.

ಕೊನೆಗೆ, ಎಲ್ಲಕ್ಕಿಂತ ಹೆಚ್ಚು ದುಡ್ಡು ಕೂತಿರುವ ಸೇವೆ: ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಲ್ಲರ ಬಾಯಲ್ಲಿ ಎಸ್‌ಎಸ್‌ಪಿ. ಬೇರೆ ಬೇರೆ ಇಲಾಖೆಗಳಿಗೆ ಬೇರೆ ಬೇರೆ ಅರ್ಜಿ ಹಿಡಿದು ಓಡಾಡುವುದನ್ನು ಇದು ತಪ್ಪಿಸಿದೆ, ಅದಕ್ಕೆ ಪೂರ್ತಿ ಮೆಚ್ಚುಗೆ. ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಬೇಕಾದ ದಾಖಲೆಗಳನ್ನು ಒಂದಕ್ಕೊಂದು ಹೊಂದಿಸುವುದಕ್ಕೆ ವಾರಗಳು ಬೇಕಾಗಬಹುದು, ಆದ್ದರಿಂದ ಊರು ಬಿಡುವ ಮೊದಲೇ ಶುರು ಮಾಡು.

ಮೊದಲು ಆಧಾರ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಇರುತ್ತದೆ. ಆಧಾರ್‌ನಲ್ಲಿ ಹೆಸರು ಮತ್ತು ಒಂದು ಇನಿಷಿಯಲ್ ಮಾತ್ರ. ಈ ವ್ಯತ್ಯಾಸವಿದ್ದರೆ ಮುಂದೆ ಎಲ್ಲ ಹಂತದಲ್ಲೂ ಅಡ್ಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಅವಕಾಶ, ಆದ್ದರಿಂದ ಅಂಕಪಟ್ಟಿಯ ಅಕ್ಷರಗಳನ್ನು ಎದುರಿಗಿಟ್ಟುಕೊಂಡೇ ತಿದ್ದಿಸು. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಈಗಲೂ ಕೈಯಲ್ಲಿದೆಯೇ? ಅಪ್ಪನ ಹಳೆಯ ಸಿಮ್ ಆಗಿದ್ದರೆ ಒಟಿಪಿ ಬರುವುದಿಲ್ಲ. 15 ವರ್ಷಕ್ಕೆ ಮಾಡಿಸಬೇಕಿದ್ದ ಬೆರಳಚ್ಚಿನ ನವೀಕರಣ ಬಾಕಿ ಇದ್ದರೆ ಅದನ್ನೂ ಅದೇ ದಿನ ಮುಗಿಸು.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅರ್ಜಿಗೆ ಬೇಕಾದ್ದು ಅದರ ಮೇಲಿನ ಆರ್‌ಡಿ ಸಂಖ್ಯೆ. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪದವಿಯ ನಡುವೆ ಮುಗಿಯುತ್ತದೆಯೇ ಎಂದು ತಾರೀಕು ನೋಡಿಕೋ. ಕಾಲೇಜಿನಲ್ಲಿ ಇ-ದೃಢೀಕರಣ ಅಧಿಕಾರಿ ಇರುತ್ತಾರೆ, ಅವರು ಮೂಲ ದಾಖಲೆ ನೋಡಿ ಕೊಡುವ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಬೇಕು. ಕೊನೆಯ ವಾರ ಅವರ ಮುಂದೆ ದೊಡ್ಡ ಪಾಳಿ ಇರುತ್ತದೆ, ಮೊದಲ ತಿಂಗಳೇ ಮಾಡಿಸಿಕೋ.

ಅರ್ಜಿ ಮಂಜೂರಾಗಿಯೂ ದುಡ್ಡು ಬಾರದವರ ವಿಚಾರದಲ್ಲಿ ತೊಡಕು ಹೆಚ್ಚಾಗಿ ಬ್ಯಾಂಕಿನ ಕಡೆ ಇರುತ್ತದೆ. ಹಣ ಹೋಗುವುದು ಪಾಸ್‌ಬುಕ್ ತೋರಿಸಿದ ಖಾತೆಗೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ಹೋಗುವುದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ನಿನ್ನ ಆಧಾರ್‌ಗೆ ಎದುರಾಗಿ ಸದ್ಯ ಯಾವ ಬ್ಯಾಂಕು ನಮೂದಾಗಿದೆಯೋ ಅಲ್ಲಿಗೆ. ಖಾತೆಗೆ ಆಧಾರ್ ಪ್ರತಿ ಕೊಟ್ಟಿರುವುದು ಬೇರೆ, ಈ ಪಟ್ಟಿಗೆ ಸೀಡಿಂಗ್ ಮಾಡಿಸುವುದು ಬೇರೆ. ಎರಡನೆಯದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಸಮ್ಮತಿ ಪತ್ರ ಕೊಡಬೇಕು. ಹೊಸ ಊರಿಗೆ ಬಂದು ಹೊಸ ಖಾತೆ ತೆರೆಯುವಾಗ, ಸಿಮ್ ಕೊಳ್ಳುವಾಗ ಬೆರಳು ಒತ್ತಿಸಿಕೊಂಡು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದುಕೊಡುವಾಗ ಈ ನಮೂದು ಅಲ್ಲಿಗೆ ಸರಿದುಬಿಡಬಹುದು. ಆಧಾರ್‌ನ ಅಧಿಕೃತ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕು, ಚಾಲ್ತಿಯಲ್ಲಿದೆಯೋ ಇಲ್ಲವೋ ಎಂದು ಕಾಣುತ್ತದೆ. ಹಣ ಜಮೆಯಾದ ವಿವರ ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಸಿಗುತ್ತದೆ. ಇನ್ನೊಂದು: ಶಾಲೆಯಲ್ಲಿದ್ದಾಗ ತೆರೆದ ಖಾತೆ ಅಪ್ರಾಪ್ತರ ಖಾತೆ. ಹದಿನೆಂಟು ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ಅದನ್ನು ಸಾಮಾನ್ಯ ಖಾತೆ ಮಾಡಿಸದಿದ್ದರೆ ವ್ಯವಹಾರ ನಿಲ್ಲುತ್ತದೆ. ಆ ಶಾಖೆ ಊರಲ್ಲೇ ಇರುವುದರಿಂದ, ಬೆಳಗಾವಿಗೆ ಹೊರಡುವ ಮೊದಲಿನ ವಾರವೇ ಇದಕ್ಕೆ ಸರಿಯಾದ ಹೊತ್ತು.

ಹಿಂದುಳಿದ ವರ್ಗದವರು ಹಾಸ್ಟೆಲ್ ಸಿಗದೆ ಹೊರಗೆ ರೂಮು ಮಾಡಿದ್ದರೆ ಇದೇ ಪೋರ್ಟಲ್‌ನಲ್ಲಿ ವಿದ್ಯಾಸಿರಿ ಕೇಳಬಹುದು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು, ಅಂದರೆ ವರ್ಷಕ್ಕೆ 15,000. ಸರಕಾರಿ ಹಾಸ್ಟೆಲ್ಲಿನಲ್ಲಿದ್ದವರಿಗೆ ಇದು ಇಲ್ಲ. ಈ ದುಡ್ಡು ತಿಂಗಳು ತಿಂಗಳು ಕೈಗೆ ಬರುವುದಿಲ್ಲ, ತಡವಾಗಿ ಒಟ್ಟಿಗೆ ಬರುವುದೇ ಹೆಚ್ಚು. ಖಾನಾವಳಿಯ ಮೊದಲ ತಿಂಗಳ ದುಡ್ಡನ್ನು ಇದರ ಭರವಸೆಯ ಮೇಲೆ ಇಡಬೇಡ, ಮನೆಯಲ್ಲಿ ಅಪ್ಪ ಅವ್ವನಿಗೂ ಹಾಗೆಯೇ ಹೇಳಿ ಬಾ. ಎರಡನೇ ವರ್ಷ ನವೀಕರಣಕ್ಕೆ ಅದೇ ಎಸ್‌ಎಸ್‌ಪಿ ಐಡಿ ಬೇಕಾಗುತ್ತದೆ. ಸೈಬರ್ ಅಂಗಡಿಯವರ ಬಳಿ ಅರ್ಜಿ ತುಂಬಿಸಿದರೆ ಐಡಿ, ಪಾಸ್‌ವರ್ಡ್, ಅರ್ಜಿಯ ಪ್ರತಿ ಈ ಮೂರನ್ನೂ ಅಲ್ಲಿಂದ ಏಳುವ ಮೊದಲೇ ಬರೆಸಿಕೊಂಡು ಬಾ, ಮೊಬೈಲ್ ನಂಬರಿನ ಜಾಗದಲ್ಲಿ ಅವರದಲ್ಲ, ನಿನ್ನದೇ ಇರಲಿ.